ಗೇಟು ಇದ್ದ ಹಾಗೇ ಇರಲಿ

ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆಗಳಲ್ಲಿ ಅಲ್ಲಲ್ಲಿ ಕಂದು ಬಣ್ಣದ ಬೋರ್ಡುಗಳು ಕಾಣುತ್ತವೆ. ಅವು ಕೆಲಸಕ್ಕೆ ಹೋಗುವವರಿಗಲ್ಲ, ಬರೀ ತಿರುಗಾಟದವರಿಗೆ. ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಚಿತ್ರ. ಆನೆ ಇದ್ದರೆ ಮೃಗಾಲಯ, ಹೊಗೆ ಬಿಡುವ ಎಂಜಿನ್ ಇದ್ದರೆ ಹಳೇ ಉಗಿಬಂಡಿ, ಓಕ್ ಮರದ ಎಲೆ ಇದ್ದರೆ ಹಳೇ ಬಂಗಲೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಜಾಗ. ಮಕ್ಕಳಿಗೆ ಅಕ್ಷರ ಬರುವ ಮೊದಲೇ ಈ ಬೋರ್ಡು ಓದಲು ಬರುತ್ತದೆ. ಶನಿವಾರ ತರಕಾರಿ ತರಲು ಹೊರಟ ಕಾರು ಹಿಂದಿನ ಸೀಟಿನ ಗಲಾಟೆ ತಾಳಲಾರದೆ ಆನೆಯ ಕಡೆ ತಿರುಗಿದ್ದೂ ಇದೆ.

ಬೋರ್ಡು ಹಿಡಿದು ಹೋದರೆ ಮೊದಲು ಸಿಗುವುದು ಆನೆಯೂ ಅಲ್ಲ, ಎಂಜಿನ್ನೂ ಅಲ್ಲ. ಗೇಟು. ಈ ದೇಶದಲ್ಲಿ ಮನೆಮಂದಿಯೆಲ್ಲ ಕೂಡಿ ಒಂದು ದಿನ ಹೊರಗೆ ಕಳೆಯುವುದು ಅಂದರೆ ಒಂದಾದ ಮೇಲೊಂದು ಗೇಟು ದಾಟುವುದು ಅಂತ ನನಗೆ ಅನ್ನಿಸಿಬಿಟ್ಟಿದೆ. ಅದರಲ್ಲೂ ಬೇಸಿಗೆಯಲ್ಲಿ ಊರಿನಿಂದ ಅತ್ತೆ ಮಾವ ಬಂದಾಗ ಗೇಟುಗಳ ವಿಚಾರ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಾವ ತಾಲ್ಲೂಕು ಆಫೀಸಿನಲ್ಲಿದ್ದು ನಿವೃತ್ತರಾದವರು. ತೀರ್ಥಹಳ್ಳಿ ಕಡೆಯವರು. ಬೇಲಿ, ಗಡಿ, ಒತ್ತುವರಿ ಎಂದರೆ ಅವರ ಕಿವಿ ನೆಟ್ಟಗಾಗುತ್ತದೆ. ಕೋಟೆ ಕೊತ್ತಲ ತೋರಿಸಿದರೆ 'ಹೂಂ' ಅನ್ನುತ್ತಾರೆ. ಬೇಲಿ ತೋರಿಸಿದರೆ ನಿಂತು ಮಾತಾಡುತ್ತಾರೆ.

ಗೇಟುಗಳಲ್ಲಿ ದೊಡ್ಡವು ಲಾರ್ಡ್‌ಗಳ ಬಂಗಲೆಯವು. ಎರಡು ಕಡೆ ಕಲ್ಲಿನ ಕಂಬ, ನಡುವೆ ಕಬ್ಬಿಣದ ಬಾಗಿಲು. ಅಲ್ಲಿಂದ ಮನೆಗೆ ಮೈಲಿಗಟ್ಟಲೆ ಅನ್ನುವಷ್ಟು ದಾರಿ. ಬೇಡದವರನ್ನು ದೂರ ಇಡಲೆಂದೇ ಕಟ್ಟಿಸಿದ್ದು. ಆದರೆ ಕಳೆದ ಶತಮಾನದಲ್ಲಿ ಮನೆಯ ಯಜಮಾನ ತೀರಿಕೊಂಡರೆ ಮಗ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ ಸಿಕ್ಕಾಪಟ್ಟೆ ಏರಿತು. ನೂರಾರು ಬಂಗಲೆಗಳನ್ನು ಕೆಡವಿದರು. ಉಳಿಸಿಕೊಳ್ಳಬೇಕು ಅಂದುಕೊಂಡವರು ಗೇಟು ತೆಗೆದು ಟಿಕೆಟ್ ಮಾರಲು ಕೂತರು. ವಿಲ್ಟ್‌ಶೈರಿನ ಲಾಂಗ್‌ಲೀಟ್ ಅರಮನೆ ಹಾಗೆ ತೆರೆದದ್ದು 1949ರಲ್ಲಿ. ಬರೀ ಮನೆ ನೋಡಲು ಎಷ್ಟು ಜನ ಬಂದಾರು? 1966ರಲ್ಲಿ ಅಂಗಳಕ್ಕೆ ಸಿಂಹಗಳನ್ನೇ ತಂದು ಬಿಟ್ಟರು. ಆಫ್ರಿಕಾದ ಹೊರಗೆ, ಕಾರಿನಲ್ಲಿ ಕೂತೇ ನೋಡುವ ಸಫಾರಿ ಶುರುವಾದದ್ದು ಇಲ್ಲೇ ಮೊದಲು.

ಸಿಂಹ ಬಿಡಿ, ಮಲಗಿರುತ್ತವೆ. ನಿಜವಾದ ಗಮ್ಮತ್ತು ಕೋತಿಗಳ ಜಾಗದಲ್ಲಿ. ಕಾರಿನ ಮೇಲೆ ಹತ್ತಿ ಕೂರುತ್ತವೆ. ವೈಪರ್, ಏರಿಯಲ್ ಏನು ಕೈಗೆ ಸಿಕ್ಕಿದರೂ ಎಳೆಯುತ್ತವೆ. ಕಾರಿನ ಮೇಲೆ ಪ್ರೀತಿ ಇರುವವರಿಗೆ ಕೋತಿ ಇಲ್ಲದ ಬೇರೆ ದಾರಿ ಇದೆ. ಆದರೂ ಜನ ಕೋತಿಗಳ ಕಡೆಗೇ ಸಾಲು ಹಚ್ಚುತ್ತಾರೆ. ಅತ್ತೆಗೆ ಇದು ಕೊನೆಗೂ ಅರ್ಥವಾಗಲಿಲ್ಲ. "ಅಲ್ಲ ಕಣೇ, ಇಷ್ಟು ದುಡ್ಡು ಕೊಟ್ಟು ಕೋತಿ ಕೈಲಿ ಕಿತ್ತಿಸ್ಕೊಳ್ಳಬೇಕಾ? ನಂದಿ ಬೆಟ್ಟದಲ್ಲಿ ಬಿಟ್ಟಿ ಕಿತ್ಕೊಳ್ತವೆ" ಅಂದರು. ಅಲ್ಲೇ ಒಂದು ಹಸಿರು ಗಿಡಗಳ ಚಕ್ರವ್ಯೂಹವೂ ಇದೆ. 1975ರಲ್ಲಿ 16,000ಕ್ಕೂ ಹೆಚ್ಚು ಯೂ ಗಿಡ ನೆಟ್ಟು ಮಾಡಿದ್ದು. ಒಳಗೆ ಹೊಕ್ಕ ಗಂಡಸರು ದಾರಿ ಕೇಳುವುದಿಲ್ಲ. ಅಷ್ಟು ಹೇಳಿದರೆ ಸಾಕು.

ಈ ದೊಡ್ಡ ಗೇಟುಗಳಿಗೆ ಪೂರ್ತಿ ಉಲ್ಟಾ ಆದದ್ದು ಕಣ್ಣಿಗೇ ಕಾಣದ ಬೇಲಿ. ಬಕಿಂಗ್‌ಹ್ಯಾಮ್‌ಶೈರಿನ ಸ್ಟೋ ತೋಟದಲ್ಲಿ ಹುಲ್ಲಿನ ಮೇಲೆ ನಿಂತು ನೋಡಿದರೆ ನಮ್ಮ ಅಂಗಳ ಮುಗಿಯುವುದೂ ಪಕ್ಕದ ಹುಲ್ಲುಗಾವಲು ಶುರುವಾಗುವುದೂ ಗೊತ್ತೇ ಆಗುವುದಿಲ್ಲ. ದೂರದಲ್ಲಿ ಮೇಯುವ ಜಾನುವಾರು ಇನ್ನೇನು ಬಂದು ನಮ್ಮ ತಿಂಡಿ ಡಬ್ಬಿಗೆ ಬಾಯಿ ಹಾಕುತ್ತವೆ ಅನ್ನಿಸುತ್ತದೆ. ಬರುವುದಿಲ್ಲ. ನಡುವೆ ಒಂದು ಕಂದಕ ಇದೆ. ಮನೆಯ ಕಡೆಗೆ ನೇರ ಗೋಡೆ, ಹುಲ್ಲುಗಾವಲಿನ ಕಡೆಗೆ ಇಳಿಜಾರು. ಹತ್ತಿರ ಹೋಗುವವರೆಗೆ ಕಾಣದು. ಇದರ ಹೆಸರು ಹಾ-ಹಾ. ಕೇಪಬಿಲಿಟಿ ಬ್ರೌನ್ ಎಂದು ಹೆಸರಾದ ತೋಟಗಾರ 1741ರಲ್ಲಿ ಇಲ್ಲಿ ಮುಖ್ಯ ಮಾಲಿಯಾಗಿದ್ದ. ಆಮೇಲೆ ದೇಶದ ದೊಡ್ಡ ದೊಡ್ಡ ಬಂಗಲೆಗಳ ತೋಟಗಳನ್ನೆಲ್ಲ ಕಿತ್ತು, ಕೆರೆ ತೋಡಿಸಿ, ಗುಡ್ಡ ಎಬ್ಬಿಸಿ, ಎಲ್ಲ ತಾನಾಗಿಯೇ ಇದ್ದದ್ದು ಎನ್ನುವ ಹಾಗೆ ಮಾಡಿದ. ಇವತ್ತು ನಾವು 'ಆಹಾ, ಇಂಗ್ಲೆಂಡಿನ ಪ್ರಕೃತಿ' ಎಂದು ಫೋಟೊ ತೆಗೆಯುವುದರಲ್ಲಿ ಎಷ್ಟೋ ಅವನ ಕೈಕೆಲಸ.

ಮಾವ ಕಂದಕದ ಅಂಚಿಗೆ ಹೋಗಿ ಬಗ್ಗಿ ನೋಡಿದರು. "ಇದು ಅಗಳು" ಅಂದರು. ಮಲೆನಾಡಿನ ಅಡಿಕೆ ತೋಟದ ಸುತ್ತ ದನ ನುಗ್ಗದ ಹಾಗೆ ತೋಡುತ್ತಾರಲ್ಲ, ಅದೇ. "ನಮ್ಮಲ್ಲಿ ದನ ಬರಬಾರದು ಅಂತ ತೋಡ್ತಾರೆ. ಇವರು ದನ ಬರಬಾರದು, ಆದರೆ ಕಾಣಬೇಕು ಅಂತ ತೋಡಿದ್ದಾರೆ." ಬ್ರೌನ್ ಸಾಹೇಬನ ಕಸುಬನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ನ್ಯಾಷನಲ್ ಟ್ರಸ್ಟಿನ ಗೇಟಿನಲ್ಲಿ ಮಾತ್ರ ನಮಗೆ ರಾಜಮರ್ಯಾದೆ. ಕಾರ್ಡು ತೋರಿಸಿದರೆ ಸಾಕು. ವರ್ಷಕ್ಕೆ ಒಂದೇ ಸಲ ದುಡ್ಡು ಕಟ್ಟಿರುತ್ತೇವೆ. ಆ ದುಡ್ಡು ಹುಟ್ಟಬೇಕು ಎಂದು ಮಳೆ ಬರಲಿ, ಗಾಳಿ ಬರಲಿ, ಹೋಗುತ್ತಲೇ ಇರುತ್ತೇವೆ. ಆಕ್ಟೇವಿಯಾ ಹಿಲ್ ಮತ್ತು ಇನ್ನಿಬ್ಬರು ಸೇರಿ 1895ರಲ್ಲಿ ಟ್ರಸ್ಟ್ ಕಟ್ಟಿದರು. ಮರುವರ್ಷ ಸಸೆಕ್ಸಿನ ಆಲ್ಫ್ರಿಸ್ಟನ್‌ನಲ್ಲಿ ಹುಲ್ಲು ಹೊದಿಸಿದ ಹಳೇ ಮನೆಯೊಂದನ್ನು 10 ಪೌಂಡಿಗೆ ಕೊಂಡರು. ಅವರು ಕೊಂಡ ಮೊದಲ ಕಟ್ಟಡ ಅದು. ಈಗ ಆ ದುಡ್ಡಿಗೆ ಅವರದೇ ಹೋಟೆಲಿನಲ್ಲಿ ಇಬ್ಬರಿಗೆ ಟೀ, ಸ್ಕೋನ್ ಎಂಬ ಸಣ್ಣ ಬನ್ನು ಬಂದರೆ ಪುಣ್ಯ.

ಬಂಗಲೆಯ ಒಳಗೆ ಕುರ್ಚಿಗಳ ಮೇಲೆ ಮುಳ್ಳುಮುಳ್ಳಾದ ಒಣ ಹೂವೊಂದನ್ನು ಇಟ್ಟಿರುತ್ತಾರೆ. ಟೀಸಲ್ ಅಂತ. ಕೆಲವು ಕಡೆ ಪೈನ್ ಮರದ ಕಾಯಿ ಇರುತ್ತದೆ. 'ಇಲ್ಲಿ ಕೂರಬೇಡಿ' ಅಂತ ಬೋರ್ಡು ಹಾಕಿದರೆ ಒರಟಾಯಿತು ಅಲ್ವಾ, ಅದಕ್ಕೆ ಈ ಉಪಾಯ. ಅತ್ತೆ ಮೆಲ್ಲಗೆ ಕೇಳಿದರು: "ದೃಷ್ಟಿಗೆ ಇಟ್ಟಿದ್ದಾರೇನೇ?" ಪ್ರತಿ ಕೋಣೆಯ ಮೂಲೆಯಲ್ಲೂ ನಿವೃತ್ತರಾದ ಒಬ್ಬರು ಸ್ವಯಂಸೇವಕರು ಇರುತ್ತಾರೆ. ಒಂದು ಪ್ರಶ್ನೆ ಕೇಳಿದಿರೋ, ಮುಗೀತು. ಛಾವಣಿಯ ಗಾರೆಯಿಂದ ಹಿಡಿದು ಮೂರನೇ ಸೊಸೆಯ ವರದಕ್ಷಿಣೆವರೆಗೆ ಹೇಳಿಯೇ ಬಿಡುವುದು. ಮಕ್ಕಳು ಆಗಲೇ ಟೀ ಕೋಣೆಯ ಬಾಗಿಲಲ್ಲಿರುತ್ತಾರೆ. ನಿಜ ಹೇಳಬೇಕೆಂದರೆ ಅರ್ಧ ಇಂಗ್ಲೆಂಡು ಬರುವುದೂ ಅದಕ್ಕೇ. ಸ್ಕೋನಿನ ಮೇಲೆ ಮೊದಲು ಕೆನೆ ಹಚ್ಚಬೇಕು ಅನ್ನುವವರು ಡೆವನ್ ಜಿಲ್ಲೆಯವರು. ಜಾಮ್ ಮೊದಲು ಅನ್ನುವವರು ಕಾರ್ನ್‌ವಾಲಿನವರು. ಮಾವ ಎರಡೂ ಹಚ್ಚದೆ ಸ್ಕೋನನ್ನು ಟೀಯಲ್ಲಿ ಅದ್ದಿದರು. ಎರಡೂ ಜಿಲ್ಲೆಯವರು ಒಂದಾಗಿ ಜಗಳಕ್ಕೆ ಬರುವಂಥ ಕೆಲಸ.

ಟಿಕೆಟ್ ಇಲ್ಲದ ಜಾಗಗಳೂ ಇವೆ. ಆಕ್ಸ್‌ಫರ್ಡ್‌ಶೈರಿನ ಸ್ಟೋಕ್ ರೋ ಎಂಬ ಸಣ್ಣ ಹಳ್ಳಿಗೆ ನಾನು ಮನೆಗೆ ಬಂದ ಎಲ್ಲರನ್ನೂ ಕರೆದುಕೊಂಡು ಹೋಗುತ್ತೇನೆ. ರಸ್ತೆ ಪಕ್ಕದಲ್ಲೇ ಒಂದು ಬಾವಿ. ಮೇಲೆ ಗುಮ್ಮಟ, ಅದರ ಕೆಳಗೆ ನೀರೆತ್ತುವ ಯಂತ್ರ, ಯಂತ್ರದ ನೆತ್ತಿಯಲ್ಲಿ ಬಂಗಾರದ ಬಣ್ಣದ ಆನೆ. ಕಟ್ಟಿಸಿದ್ದು ಕಾಶಿಯ ಮಹಾರಾಜ! ಈ ಕಡೆಯವನಾದ ಎಡ್ವರ್ಡ್ ರೀಡ್ ಎಂಬ ಅಧಿಕಾರಿ ಉತ್ತರ ಭಾರತದಲ್ಲಿ ಕೆಲಸಕ್ಕಿದ್ದ. ತನ್ನ ಊರಿನ ಗುಡ್ಡದ ಮೇಲೆ ಕುಡಿಯುವ ನೀರಿಗೆ ಎಷ್ಟು ಕಷ್ಟ ಎಂದು ರಾಜನ ಬಳಿ ಹೇಳಿಕೊಂಡಿದ್ದ. ರಾಜ ಅದನ್ನು ಮರೆಯಲಿಲ್ಲ. ದುಡ್ಡು ಕಳಿಸಿದ. 368 ಅಡಿ ಆಳ, ನಾಲ್ಕು ಅಡಿ ಅಗಲ, ಪೂರ್ತಿ ಕೈಯಲ್ಲೇ ತೋಡಿದ್ದು. 1864ರಲ್ಲಿ, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ ಊರಿಗೆ ಬಿಟ್ಟುಕೊಟ್ಟರು. ಬಾವಿಯ ಖರ್ಚಿಗೆ ಆದಾಯ ಇರಲಿ ಎಂದು ಪಕ್ಕದಲ್ಲೇ ಚೆರ್ರಿ ತೋಪು ಬೇರೆ. ಇಂಡಿಯಾದಿಂದ ಬಂದ ದುಡ್ಡಿನ ಬಂಗಲೆಗಳು ಈ ದೇಶದಲ್ಲಿ ಬೇಕಾದಷ್ಟಿವೆ. ಕಷ್ಟ ಕೇಳಿ ಕೊಟ್ಟದ್ದು, ಖುಷಿಯಿಂದ ಕೊಟ್ಟದ್ದು ಅಂತ ಧೈರ್ಯವಾಗಿ ಹೇಳಬಹುದಾದದ್ದು ಕಮ್ಮಿ. ಅತ್ತೆ ಬಾವಿಗೆ ಒಂದು ಸುತ್ತು ಬಂದು ಕೈಮುಗಿದರು. ಇಡೀ ಬೇಸಿಗೆಯಲ್ಲಿ ಅವರಿಗೆ ಮನಸ್ಸಿಗೆ ಬಂದ ಜಾಗ ಇದೊಂದೇ. ಅಲ್ಲೇ ಹುಲ್ಲಿನ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿದೆವು.

ಊಟ ಆದ ಮೇಲೆ ನಡಿಗೆ. ಹಳದಿ ಬಾಣದ ಗುರುತು ಹಿಡಿದು ಹೋದರೆ ಕಾಲುದಾರಿ. ಮೊದಲು ಒಂದು ತಡಬೆ, ಹತ್ತಿ ಇಳಿಯಬೇಕು. ಆಮೇಲೆ ಕಿಸ್ಸಿಂಗ್ ಗೇಟು. ಅದರಲ್ಲಿ ಒಬ್ಬೊಬ್ಬರೇ ನುಸುಳಬೇಕು, ದನಕ್ಕೆ ಆಗುವುದಿಲ್ಲ. ಮಗುವಿನ ತಳ್ಳುಗಾಡಿಗೂ ಆಗುವುದಿಲ್ಲ, ಅದನ್ನು ಮಡಚಿ ನಮ್ಮನೆಯವರು ತಲೆ ಮೇಲೆ ಎತ್ತಿ ದಾಟಿಸುತ್ತಾರೆ. ಅದಾದ ಮೇಲೆ ದಾರಿ ನೇರ ಯಾರದೋ ಗೋಧಿ ಹೊಲದ ನಡುವೆ ಹೋಗುತ್ತದೆ. ಮಾವ ಅಲ್ಲೇ ನಿಂತುಬಿಟ್ಟರು. "ಯಾರದೋ ಹಿಡುವಳಿ. ಕೇಳದೆ ಹೋಗೋದಾ?"

ಹೋಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 1,40,000 ಮೈಲಿ ಇಂಥ ದಾರಿಗಳಿವೆ. ಹೊಲ ಯಾರದ್ದೇ ಆಗಲಿ, ದಾರಿ ಎಲ್ಲರದ್ದು. ಕೌನ್ಸಿಲ್ಲಿನ ನಕ್ಷೆಯಲ್ಲಿ ಗುರುತು ಹಾಕಿರುತ್ತಾರೆ. ಇದನ್ನು ಕೇಳಿದ್ದೇ ಮಾವನ ಮುಖ ಅರಳಿತು. "ಹಾಗಂತ ಹೇಳು ಮತ್ತೆ! ನಕಾಶೆ ಕಂಡ ದಾರಿ!" ಆಮೇಲೆ ಅವರೇ ಮುಂದೆ.

ಆದರೆ ಬೆಟ್ಟ, ಬಯಲಿನ ಮೇಲೆ ಅಡ್ಡಾಡುವ ಹಕ್ಕು ಸುಮ್ನೆ ಸಿಗಲಿಲ್ಲ. ಡರ್ಬಿಶೈರಿನ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಶ್ರೀಮಂತರು ಹಕ್ಕಿ ಬೇಟೆಗೆ ಅಂತ ಮುಚ್ಚಿಟ್ಟಿದ್ದರು. ಮ್ಯಾಂಚೆಸ್ಟರ್ ಕಡೆಯ ಕಾರ್ಖಾನೆ ಹುಡುಗರಿಗೆ ಭಾನುವಾರ ಉಸಿರಾಡಲು ಜಾಗ ಬೇಕಿತ್ತು. 1932ರ ಏಪ್ರಿಲ್ 24ರಂದು ನೂರಾರು ಜನ ಬೇಕೆಂದೇ ಬೆಟ್ಟ ಹತ್ತಿದರು. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು. ಬೆನ್ನಿ ರಾತ್‌ಮನ್ ಸೇರಿ ಐದು ಮಂದಿ ಜೈಲಿಗೆ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1951ರಲ್ಲಿ ಅದೇ ಸೀಮೆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮೆರವಣಿಗೆಯ ಕಾಲಕ್ಕೆ ಆ ಬೆಟ್ಟದ ಒಡೆಯನಾಗಿದ್ದವನು ಡೆವನ್‌ಶೈರಿನ ಡ್ಯೂಕ್. ಅವನ ಮೊಮ್ಮಗ, ಹನ್ನೊಂದನೆಯ ಡ್ಯೂಕ್, 2002ರಲ್ಲಿ ಜನರೆದುರು ನಿಂತು ಕ್ಷಮೆ ಕೇಳಿದ. ಆ ಮನೆತನದ ಅರಮನೆಯೇ ಚಾಟ್ಸ್‌ವರ್ತ್. ಈಗ ಅಲ್ಲಿ ಟಿಕೆಟ್ ಕೊಂಡರೆ ಮಕ್ಕಳು ಆಡಿನ ಮೈ ಸವರಬಹುದು, ಹಾಲು ಕರೆಯುವುದನ್ನು ನೋಡಬಹುದು. ರಷ್ಯಾದ ಚಕ್ರವರ್ತಿ ಬರುತ್ತಾನೆಂದು 1844ರಲ್ಲಿ ಅವಸರ ಅವಸರವಾಗಿ ಕಟ್ಟಿಸಿದ ಕಾರಂಜಿಯೂ ಇದೆ. ಪಂಪು ಇಲ್ಲ, ಗುಡ್ಡದ ಮೇಲೆ ತೋಡಿದ ಕೆರೆಯ ನೀರಿನ ಒತ್ತಡದಲ್ಲೇ ಚಿಮ್ಮುತ್ತದೆ. ಚಕ್ರವರ್ತಿ ಬರಲೇ ಇಲ್ಲ. ನಾವು ಬಂದೆವು.

ಈ ಎಲ್ಲ ಗೇಟುಗಳಿಗೂ ಸೇರಿ ಒಂದು ನಿಯಮ ಇದೆ. 1951ರಲ್ಲಿ ಹಳ್ಳಿಗಾಡಿಗೆ ಬರುವವರಿಗೆ ಅಂತ ಮಾಡಿದ ನಿಯಮದಲ್ಲಿ 'ಎಲ್ಲ ಗೇಟು ಭದ್ರವಾಗಿ ಹಾಕಿ' ಎಂದಿತ್ತು. ಈಗ 'ಗೇಟು ಹೇಗಿತ್ತೋ ಹಾಗೇ ಬಿಡಿ' ಅನ್ನುತ್ತಾರೆ. ದನ ನೀರಿಗೆ ಹೋಗಲಿ ಅಂತ ರೈತನೇ ತೆಗೆದಿಟ್ಟಿರಬಹುದಲ್ಲ. ನ್ಯಾಯವಾದ ಮಾತು. ಆದರೆ ಆ ದಿನ ಗೋಧಿ ಹೊಲದ ಕೊನೆಯಲ್ಲಿ ಸಿಕ್ಕ ಗೇಟು ಅರ್ಧ ತೆಗೆದಿತ್ತು. ನಮ್ಮ ಮುಂದೆ ಮಗ ಓಡಿಹೋಗಿದ್ದ. ತಾನು ಮುಟ್ಟಿಲ್ಲ ಅಂದ. ತಂಗಿ, ಮುಟ್ಟಿದ್ದಾನೆ ಅಂದಳು. ನಮ್ಮನೆಯವರು ಹಾಕೋಣ ಅಂದರು, ನಾನು ಬಿಡಿ ಅಂದೆ. ಮಾವ ಎಲ್ಲರನ್ನೂ ಸುಮ್ಮನಿರಿಸಿ ಸ್ಥಳ ಮಹಜರಿಗೆ ಇಳಿದರು. ಕೆಸರಿನಲ್ಲಿ ಗೇಟು ಉಜ್ಜಿದ ಗುರುತು ನೋಡಿದರು, ಗೊರಸಿನ ಗುರುತು ನೋಡಿದರು, ಚಿಲಕಕ್ಕೆ ಹಿಡಿದ ತುಕ್ಕು ನೋಡಿದರು. ಕೊನೆಗೆ, ಹಾಕಿದ್ದ ಗೇಟನ್ನು ಈಗಷ್ಟೇ ಯಾರೋ ತೆಗೆದಿದ್ದಾರೆ ಅಂತ ತೀರ್ಪು ಕೊಟ್ಟು, ತಾವೇ ಎಳೆದು ಚಿಲಕ ಸಿಕ್ಕಿಸಿದರು.

ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಟ್ರ್ಯಾಕ್ಟರ್ ಬಂತು. ರೈತ ಇಳಿದ, ಗೇಟು ಪೂರ್ತಿ ತೆಗೆದ, ನಮಗೆ ಕೈ ಬೀಸಿ, ಗೇಟನ್ನು ಹಾಗೇ ಬಿಟ್ಟು ಹೋದ. ಮಾವ ತಿರುಗಿ ನೋಡಿ ನಿಂತರು. "ಇವನಿಗೂ ಒಂದು ನೋಟಿಸ್ ಕೊಡಬೇಕು" ಅಂದರು.