ಆರ್‌ಟಿಒ ಬಾಗಿಲಲ್ಲಿ ಅಜ್ಜನ ಸೆಲ್ಯೂಟ್

ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂ ಬಗ್ಗೆ ಓದಿ ನಮ್ಮಜ್ಜ ನೆನಪಾದರು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಆ ಮನೆ 2021ರಲ್ಲಿ ಮ್ಯೂಸಿಯಂ ಆಯಿತು. ಅದಕ್ಕೂ ಮೊದಲು ಅಲ್ಲಿ ಆರ್‌ಟಿಒ ಆಫೀಸ್ ಇತ್ತು, ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಲೈಸೆನ್ಸಿಗೆ ಅಂತ ಅಜ್ಜನೇ ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ನಿಂತು, ಕೊಡೆ ಎಡಗೈಗೆ ಬದಲಿಸಿ, ಸೆಲ್ಯೂಟ್ ಹೊಡೆದರು. ಕ್ಯೂನಲ್ಲಿದ್ದವರು ನಕ್ಕರು. ನನಗೂ ನಾಚಿಕೆ ಆಯಿತು, ಸುಳ್ಳು ಯಾಕೆ ಹೇಳಲಿ.

1971ರ ಯುದ್ಧಕ್ಕೆ ಹೋಗಿ ಬಂದವರು, ಹವಾಲ್ದಾರರಾಗಿ ನಿವೃತ್ತರಾದರು. ಯುದ್ಧದ ಕಥೆ ಕೇಳಿದರೆ, "ಚಳಿ ಜಾಸ್ತಿ ಇತ್ತು" ಅಂತ ಹೇಳಿ ಸುಮ್ನಾಗುತ್ತಿದ್ದರು. ಆದರೆ ಭಾನುವಾರ ರಾತ್ರಿ ನಾವು ಐದು ಮೊಮ್ಮಕ್ಕಳ ಶೂಗಳನ್ನು ಸಾಲಾಗಿ ಇಟ್ಟು ಪಾಲಿಶ್ ಮಾಡುವುದು ಅವರದೇ ಡ್ಯೂಟಿ. ಹಳೇ ಬನಿಯನ್ ತುಂಡು, ಒಂದು ಹನಿ ನೀರು, ಬೆರಳಿಗೆ ಸುತ್ತಿ ಗುಂಡಗೆ ಉಜ್ಜುತ್ತಿದ್ದರು. ಅಜ್ಜಿಗೆ ಮಂಡಿನೋವು ಶುರುವಾದ ಮೇಲೆ ಬೆಳಗಿನ ಕಾಫಿಯೂ ಅವರದೇ. ಬೆಲ್ಲದ ಕಾಫಿ, ಸ್ವಲ್ಪ ಕಡುವೇ ಆಗುತ್ತಿತ್ತು.

ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಕೋವಿಗೆ ಹೂ ಇಡುವಾಗ ಈಗಲೂ ಪಕ್ಕದಲ್ಲಿ ಅವರ ಪಾಲಿಶ್ ಡಬ್ಬಿ ಇಡುತ್ತೇವೆ. ಒಳಗೆ ಪಾಲಿಶ್ ಒಣಗಿ ಬಿರುಕು ಬಿಟ್ಟಿದೆ. ಬಿಸಾಡಲು ಅಜ್ಜಿ ಬಿಡುವುದಿಲ್ಲ.