ನಾವು ಎರಡನೆಯವರು, ಬೀಜ ಮಾತ್ರ ಪಂಜಾಬಿನದು

ನಿನ್ನೆ ಹುಬ್ಬಳ್ಳಿಯ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹಿರಿಯರು ಬಟಾಟಿ ಪಲ್ಯ ಹಾಕಿಸಿಕೊಳ್ಳುತ್ತ, “ಬಟಾಟಿ ಬೆಳಿಯೂದ್ರಾಗ ಜಗತ್ತಿಗೇ ನಾವು ಎರಡನೇದವ್ರು ನೋಡ್ರಿ” ಎಂದರು. ಸುಳ್ಳೇನಲ್ಲ. ಚೀನಾ ವರ್ಷಕ್ಕೆ 9 ಕೋಟಿ ಟನ್ನಿಗೂ ಹೆಚ್ಚು, ಭಾರತ 5 ಕೋಟಿ ಟನ್ನಿಗೂ ಹೆಚ್ಚು ಬೆಳೆಯುತ್ತವೆ; 1990ರ ಸುಮಾರಿಗೆ ಯುರೋಪ್, ಅಮೆರಿಕ, ಸೋವಿಯತ್ ನಾಡುಗಳ ಕೈಯಲ್ಲಿದ್ದ ಬೆಳೆಯಲ್ಲಿ ಇಂದು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಈ ಎರಡೇ ದೇಶಗಳದು.

ಆದರೆ ಆ ‘ನಾವು’ ಯಾರು? ಉತ್ತರ ಪ್ರದೇಶ, ಬಂಗಾಳ, ಬಿಹಾರ, ಗುಜರಾತಿನವರು. ಧಾರವಾಡದ ರೈತ ಮಾತ್ರ ಮುಂಗಾರಿಗೆ ಮುನ್ನ ಪಂಜಾಬಿನ ಬೀಜದ ಲಾರಿಯ ದಾರಿ ಕಾಯುತ್ತಾನೆ. ಬಟಾಟಿಗೆ ಬೀಜವೆಂದರೆ ಗಡ್ಡೆಯೇ. ಎಕರೆಗೆ ಕ್ವಿಂಟಲ್‌ಗಟ್ಟಲೆ ಬೇಕು, ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಅದರದೇ. ಜಡಿಮಳೆ ಹಿಡಿದರೆ, ಮೊಳಕೆಯೊಡೆಯುವ ಕಣ್ಣು ನೋಡಿ ನೋಡಿ ಈಳಿಗೆಯಲ್ಲಿ ಹೋಳು ಮಾಡಿ ಊರಿದ ಆ ದುಬಾರಿ ಗಡ್ಡೆ ಮಣ್ಣಿನಲ್ಲೇ ಕೊಳೆತು ನಾರುತ್ತದೆ. ಮೊಳೆತು ಮೇಲೆ ಬಂದರೆ ಅಂಗಮಾರಿ ಕಾದಿರುತ್ತದೆ; 1845ರಲ್ಲಿ ಐರ್ಲೆಂಡಿಗೆ ಬಂದು ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದೇ ರೋಗ.

“ಮನೆಯ ಬೀಜವನ್ನೇ ಇಟ್ಟುಕೊಳ್ಳಬಾರದೇ?” ಎಂದು ಹೊಲ ಕಾಣದವರು ಕೇಳುತ್ತಾರೆ. ಇಟ್ಟುಕೊಳ್ಳಬಹುದು ಸ್ವಾಮಿ, ಶೇಂಗಾ ಆಗಿದ್ದರೆ! ಸಸ್ಯಹೇನು ಹರಡುವ ವೈರಸ್ ಗಡ್ಡೆಯೊಳಗೇ ಉಳಿದು ಮುಂದಿನ ಬೆಳೆಗೆ ದಾಟುತ್ತದೆ. ಪಂಜಾಬಿನಲ್ಲಿ ಚಳಿಗಾಲದ ಮೊದಲ ಭಾಗದಲ್ಲಿ ಆ ಹೇನು ಕಡಿಮೆ. ಅದು ಹೆಚ್ಚುವ ಮೊದಲೇ ಗಿಡದ ಮೇಲ್ಭಾಗ ಕೊಯ್ದುಹಾಕಿ ಬೀಜದ ಗಡ್ಡೆಯನ್ನು ಕಾಪಾಡುತ್ತಾರೆ. ನಮ್ಮ ಮುಂಗಾರಿನಲ್ಲಿ ಆ ಬಿಡುವು ಎಲ್ಲಿಂದ ಬರಬೇಕು?

ಇಷ್ಟು ಜೋರಾಗಿ ಹೇಳುವ ನಾನೇ, ಕಾಲೇಜು ಓದಿದ ಸೊಕ್ಕಿನಲ್ಲಿ, ಒಂದು ವರ್ಷ ಅಪ್ಪನಿಗೆ ಹಟ ಹಿಡಿದು ಮನೆಯ ಬೀಜ ಹಾಕಿಸಿದ್ದೆ. ಎಲೆ ಮುದುಡಿದವು, ಗಡ್ಡೆಗಳು ನಿಂಬೆಹಣ್ಣಿನಷ್ಟಾದವು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಪೆರುವಿನ ಲಿಮಾದಲ್ಲಿ 1971ರಿಂದ ಅಂತರರಾಷ್ಟ್ರೀಯ ಬಟಾಟಿ ಕೇಂದ್ರವಿದೆ, ಶಿಮ್ಲಾದಲ್ಲಿ ನಮ್ಮದೇ ಸಂಶೋಧನಾ ಸಂಸ್ಥೆಯಿದೆ, 2024ರಿಂದ ಮೇ 30 ವಿಶ್ವಸಂಸ್ಥೆಯ ಬಟಾಟಿ ದಿನವೂ ಆಗಿದೆ. ಪ್ರಯೋಗಾಲಯದ ರೋಗವಿಲ್ಲದ ಗಿಡದ ಕುಡಿ ಕತ್ತರಿಸಿ, ಬೇರು ಬರಿಸಿ, ಸಸಿ ಮಾಡಿ, ಅದರಿಂದ ಬೀಜದ ಗಡ್ಡೆ ಪಡೆಯುವ ಕೆಲಸ ಹಾಸನದ ಕಡೆ ನಡೆದಿದೆ. ನಮ್ಮೂರಿನಲ್ಲಿ ಅಂಥ ಒಂದು ಟ್ರೇ ಸಸಿಯನ್ನೂ ನಾನು ಈವರೆಗೆ ಕಂಡಿಲ್ಲ.

ಇದನ್ನೆಲ್ಲ ಆ ಹಿರಿಯರಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಲ್ಯದ ಬಕೆಟ್ ಮತ್ತೆ ಬಂತು. ಅವರೂ ಹಾಕಿಸಿಕೊಂಡರು, ನಾನೂ ಹಾಕಿಸಿಕೊಂಡೆ.