ಆಷಾಢದಲ್ಲಿ ಪಾಸಾದ ರ‍್ಯಾಮ್ ಏಪ್ರಿಲ್‌ನಲ್ಲಿ ಫೇಲಾಯ್ತು

ಮೊನ್ನೆ ಸಾಗರದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಹೊಸ ಸಿಸ್ಟಂ ಕಟ್ತಿದೀನಿ, ರೈಜನ್. ರ‍್ಯಾಮ್ 7200 ಹಾಕ್ಲಾ, 6000 ಸಾಕಾ?" ಅಂದ. ರೈಜನ್ ಅಂದ್ರೆ ಎಎಂಡಿ ಕಂಪನಿಯ ಪ್ರೊಸೆಸರ್; 7200, 6000 ಅನ್ನೋದು ರ‍್ಯಾಮಿನ, ಅಂದ್ರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯ ವೇಗ. ಅರ್ಧ ಗಂಟೆ ಮಾತಾಡಿದ್ವಿ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ, ಯಾಕಂದ್ರೆ ಈ ರ‍್ಯಾಮಿನ ಬಿಸಿಯಿಂದ ನಾನು ಒಂದು ಮದುವೆ ಸೀಸನ್ ಪೂರ್ತಿ ಒದ್ದಾಡಿದ್ದೀನಿ.

ನನ್ನದು ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಎಡಿಟಿಂಗ್. ಆಷಾಢದಲ್ಲಿ ಕೆಲಸ ಇರಲ್ಲ, ಹಾಗಾಗಿ ಸಿಸ್ಟಂ ಕಟ್ಟಿದ್ದು ಆಗಲೇ. ಈಗಿನ ಪೀಳಿಗೆಯ ರ‍್ಯಾಮ್ ಡಿಡಿಆರ್5, ವೇಗ 6000, 32 ಜಿಬಿಯ ಎರಡು ಸ್ಟಿಕ್. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಪೋ, ಅಂದ್ರೆ ರ‍್ಯಾಮನ್ನ ಅದರ ಮೇಲೆ ಬರೆದ ವೇಗಕ್ಕೇ ಓಡಿಸೋ ಸೆಟ್ಟಿಂಗ್, ಆನ್ ಮಾಡಿದೆ. ಅಷ್ಟಕ್ಕೇ ಬಿಡದೆ, ಇನ್ನಷ್ಟು ವೇಗ ಸಿಗುತ್ತೆ ಅಂತ ರಿಫ್ರೆಶ್ ಇಂಟರ್‌ವಲ್ ಅನ್ನೋ ಅಂಕಿಯನ್ನ 11,700ರಿಂದ 65,535ಕ್ಕೆ ಏರಿಸಿದೆ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್ ಓಡಿಸಿದೆ. ಹೊರಗೆ ಜಡಿಮಳೆ, ರೂಮಲ್ಲಿ 23 ಡಿಗ್ರಿ. ಒಂದೇ ಒಂದು ಎರರ್ ಬರಲಿಲ್ಲ.

ಏಪ್ರಿಲ್ ಬಂತು. ರೆಂಡರ್ ಮುಕ್ಕಾಲು ಭಾಗ ಹೋಗಿ ನಿಲ್ಲೋದು. ಒಮ್ಮೆ ನೀಲಿ ಪರದೆ, ಇನ್ನೊಮ್ಮೆ ಸಾಫ್ಟ್‌ವೇರ್ ತಾನೇ ಕ್ಲೋಸ್. ಒಂದು ಮದುವೆಯಲ್ಲಂತೂ ಧಾರೆ ಎರೆಯೋ ಹೊತ್ತಿಗೆ ಸರಿಯಾಗಿ ಹಸಿರು ಪಟ್ಟಿ ಬಂದಿತ್ತು. ಹೆಣ್ಣಿನ ತಂದೆಗೆ ಏನಂತ ಹೇಳೋದು? ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನಪಟ್ಟೆ, ಯುಪಿಎಸ್ ಬದಲಿಸಿದೆ, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಕೊನೆಗೊಂದು ಮಧ್ಯಾಹ್ನ ರೆಂಡರ್ ನಡೀತಿರುವಾಗಲೇ ಕೇಸಿನ ಪಕ್ಕದ ಗಾಜು ತೆಗೆದು ರ‍್ಯಾಮ್ ಪಟ್ಟಿ ಮುಟ್ಟಿದೆ. ಬೆರಳಿಡೋಕಾಗಲಿಲ್ಲ. ಸೆನ್ಸರ್ ನೋಡಿದರೆ 64 ಡಿಗ್ರಿ.

ರ‍್ಯಾಮಿನ ಒಂದೊಂದು ಬಿಟ್ ಕೂತಿರೋದು ಪುಟಾಣಿ ಕೆಪಾಸಿಟರ್‌ನಲ್ಲಿ. ಅದು ಸಣ್ಣ ತೂತು ಬಿದ್ದ ಕೊಡದ ಹಾಗೆ, ಸೋರ್ತಾನೇ ಇರುತ್ತೆ. ಪೂರ್ತಿ ಖಾಲಿಯಾಗೋ ಮೊದಲು ಮತ್ತೆ ತುಂಬಬೇಕು, ಅದೇ ರಿಫ್ರೆಶ್. ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ. ಅದಕ್ಕೇ ಚಿಪ್ 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ರಿಫ್ರೆಶ್ ಮಾಡಬೇಕು ಅಂತ ನಿಯಮವೇ ಇದೆ. ನಾನು ಮಾಡಿದ್ದು ಉಲ್ಟಾ: ರಿಫ್ರೆಶ್ ಇಂಟರ್‌ವಲ್ ಏರಿಸಿ, ತುಂಬೋ ಗಡುವನ್ನ ಐದೂವರೆ ಪಟ್ಟು ಮುಂದೂಡಿದ್ದೆ. ಮಳೆಗಾಲದ ತಂಪಲ್ಲಿ ನಡೆದುಹೋಯ್ತು, ಬೇಸಿಗೇಲಿ ಕೊಡ ಖಾಲಿಯಾಯ್ತು.

ಅಷ್ಟು ಬಿಸಿ ಯಾಕೆ? ಹಿಂದಿನ ಪೀಳಿಗೆಯ ಡಿಡಿಆರ್4ರಲ್ಲಿ ವೋಲ್ಟೇಜ್ ಹದ ಮಾಡೋ ಕೆಲಸ ಮದರ್‌ಬೋರ್ಡಿನದು. ಡಿಡಿಆರ್5ರಲ್ಲಿ ಆ ಕೆಲಸದ ಚಿಪ್ ಸ್ಟಿಕ್ ಮೇಲೇ ಕೂತಿದೆ, ಅದರ ಬಿಸಿಯೂ ಅಲ್ಲೇ. ಜೊತೆಗೆ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ಮೇಲೇರಿ ರ‍್ಯಾಮಿಗೇ ಬಡಿಯುತ್ತೆ. ಬರೀ ಮೆಮ್‌ಟೆಸ್ಟ್ ಓಡಿಸುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುತ್ತಲ್ಲ, ನಾನು ಮೋಸ ಹೋಗಿದ್ದು ಅಲ್ಲೇ.

ರಿಫ್ರೆಶ್ ಇಂಟರ್‌ವಲ್ ಅಂಕಿಯನ್ನ ಮೊದಲಿದ್ದ ಹಾಗೇ ಮಾಡಿದೆ. ರ‍್ಯಾಮ್ ಮೇಲಕ್ಕೆ ಒಂದು 92 ಎಂಎಂ ಫ್ಯಾನ್ ಕಟ್ಟಿದೆ. ಗೋಡೆಗೆ ಒತ್ತಿಕೊಂಡಿದ್ದ ಕೇಸನ್ನ ಒಂದು ಗೇಣು ಈಚೆ ಎಳೆದೆ. 64 ಇದ್ದದ್ದು 51ಕ್ಕೆ ಇಳೀತು. ಆಮೇಲೆ ಒಂದು ರೆಂಡರೂ ನಿಂತಿಲ್ಲ.

ಇನ್ನು 7200ರ ವಿಷಯ. ಸಿಎಲ್ ಅಂದ್ರೆ ಕೇಳಿದ ಡೇಟಾ ಕೊಡೋಕೆ ರ‍್ಯಾಮ್ ಎಷ್ಟು ಕ್ಲಾಕ್ ಕಾಯಿಸುತ್ತೆ ಅನ್ನೋ ಅಂಕಿ. ಅದನ್ನ 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯೋ ಸಮಯ ಸಿಗುತ್ತೆ, ನೋಡಿ. 6000 ಸಿಎಲ್30ಕ್ಕೂ 10 ನ್ಯಾನೋಸೆಕೆಂಡ್, 7200 ಸಿಎಲ್36ಕ್ಕೂ 10. ಹಳೇ ಡಿಡಿಆರ್4 3200 ಸಿಎಲ್16ಕ್ಕೂ ಅಷ್ಟೇ! ಅದೇ 6000 ಸಿಎಲ್40 ತಗೊಂಡರೆ 13 ದಾಟುತ್ತೆ. ಮೇಲಾಗಿ ಎಎಂ5 ಸಾಕೆಟ್‌ನ ರೈಜನ್‌ಗಳಲ್ಲಿ 7200ಕ್ಕೆ ಹೋದರೆ ಮೆಮೊರಿ ಕಂಟ್ರೋಲರ್ (ಪ್ರೊಸೆಸರ್ ಒಳಗೆ ರ‍್ಯಾಮ್ ನಡೆಸೋ ಭಾಗ) ಸಾಮಾನ್ಯವಾಗಿ ಅರ್ಧ ವೇಗಕ್ಕೆ ಇಳಿಯುತ್ತೆ. ಹಾಗಾಗಿ "6000 ಸಿಎಲ್30 ತಗೋ ಮಾರಾಯ, ಉಳಿದ ದುಡ್ಡಲ್ಲಿ ಎರಡು ಒಳ್ಳೆ ಫ್ಯಾನ್ ಹಾಕು" ಅಂದೆ. ನಾಲ್ಕು ಸ್ಟಿಕ್ ಬೇಡ. ರೈಜನ್ 7000ದಲ್ಲಿ ನಾಲ್ಕು ತುಂಬಿದರೆ ಎಎಂಡಿ ಖಾತ್ರಿ ಕೊಡೋದು 3600ಕ್ಕೆ ಮಾತ್ರ. ಲೈಟಿರೋ ಎತ್ತರದ ಸ್ಟಿಕ್ ದೊಡ್ಡ ಏರ್ ಕೂಲರ್‌ಗೆ ತಾಗುತ್ತೆ, ಅಳತೆ ನೋಡಿಯೇ ತಗೋಬೇಕು.

ಅವನ ಮನೇಲಿ ಅಡಿಕೆ ಸುಲಿಯೋ ಕೆಲಸವೂ ಇದೆ. ಆ ಧೂಳು ಕೇಸಿನ ಮುಂದಿನ ಜಾಲರಿಗೆ ಕೂತರೆ ಎಷ್ಟು ಫ್ಯಾನ್ ಇದ್ದರೂ ಗಾಳಿ ಒಳಗೆ ಬರಲ್ಲ. ಸುಗ್ಗಿ ಮುಗಿಯೋವರೆಗೆ ವಾರಕ್ಕೊಮ್ಮೆ ಬ್ರಶ್ ಹಾಕು ಅಂದೆ.

ನಿನ್ನೆ ಆರ್ಡರ್ ಮಾಡಿದನಂತೆ. ಕಟ್ಟಿದ ದಿನ ಒಂದು ಸಲ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕಿಟಕಿ ಮುಚ್ಚಿ ಇನ್ನೊಂದು ಸಲ, ಗ್ರಾಫಿಕ್ಸ್ ಕಾರ್ಡಿಗೂ ಕೆಲಸ ಕೊಟ್ಟು ವಿಂಡೋಸ್‌ನಲ್ಲೇ ರ‍್ಯಾಮ್ ಟೆಸ್ಟ್ ಓಡಿಸಿ ನನಗೆ ಫೋಟೋ ಕಳಿಸು ಅಂದಿದ್ದೀನಿ.